ರೊಟ್ಟಿ ಬಡಿಯುವ ಸಪ್ಪಳ

ಗೋವಾದ ಕೆಪೆಯ ಬಸ್‌ಸ್ಟ್ಯಾಂಡಿನಲ್ಲಿ ಮಡಗಾಂವ ಬಸ್ಸಿಗೆ ಕಾಯುತ್ತ ಕುಳಿತಿದ್ದ ಗೌಂಡಿ ದೇವುವಿನ ಕಿವಿ, ಬೆನ್ನ ಹಿಂದೆ ಊರ ಕಡೆಯ ಮಾತು ಕೇಳಿದೊಡನೆ ನೆಟ್ಟಗಾಯಿತು. ಹಿಂದಿನ ಬೆಂಚಿನಲ್ಲಿ ಇಬ್ಬರು ಹೆಂಗಸರಿದ್ದರು.

“ಬರೇ ರೊಟ್ಟಿ ಬಡಿಯೂ ಸಪ್ಪಳಕ್ಕ ರೊಕ್ಕ ಕೊಡ್ತಾರೇನ ಮಂಗಲಾ?” ಹಿರಿಯಾಕೆ ಕೇಳಿದಳು.

“ಹೌದ್ರಿ ಚಾಚಿ. ಮನ್ಯಾಗ ಮೊಬೈಲ್ ಮುಂದಿಟ್ಟು ಬಡೀತೇನಿ, ನಿಮ್ಮ ಮಗಳು ಫರ್ಹೀನ ಯೂಟ್ಯೂಬಿಗೆ ಹಾಕ್ತಾಳ. ಮಂದಿ ಕಣ್ಣು ಮುಚ್ಚಿ ಕೇಳ್ತಾರಂತ. ನಡುವ ಮಾತಾಡಬಾರದು, ಅಷ್ಟ.”

“ನಮ್ಮವ್ವ ಬಡಿದ್ರ ಓಣಿ ತುದಿಗೆ ಕೇಳ್ತಿತ್ತು ನೋಡು.”

“ನಮ್ಮನ್ಯಾಗೂ ಹಂಗರಿ. ಮೊದಲನೇ ರೊಟ್ಟಿ ಉಬ್ಬಿತಂದ್ರ ಅವ್ವ ಕೂಗಾಕಿ. ಆಡೂದು ಬಿಟ್ಟು ಓಡಿಬಂದು ಒಲಿ ಸುತ್ತ ಕುಂಡ್ರತಿದ್ವಿ. ಅದ ರೂಢಿ ನೋಡ್ರಿ, ಮೊನ್ನಿ ವಿಡಿಯೋದಾಗ ನಾನೂ ಕೂಗಿಬಿಟ್ಟೆ: ‘ರೊಟ್ಟಿ ಉಬ್ಬೇತಿ, ಬರ್ರೋ!’”

“ಮಕ್ಕಳು ಬಂದ್ವೇನ?”

“ಎಲ್ಲಿ ಬರ್ತಾವ್ರಿ? ಪಾವ್ ತಿಂದು ಹೊರಗ ಹೋಗಿದ್ವು. ಕೆಲಸ ಕೆಟ್ಟಿತು, ಅಳಿಸಿಬಿಡು ಅಂದ್ರ, ಫರ್ಹೀನ ಹಂಗ ಹಾಕಿಬಿಟ್ಟಾಳ.”

“ಮಂದಿ ಬೈದ್ರ?”

“ಇಲ್ರಿ.” ಮಂಗಲಾಳ ದನಿ ಸಣ್ಣಗಾಯಿತು. “ಕೆಳಗ ನಾಕನೂರು ಮಂದಿ ಬರದಾರ. ಪುಣೆದಾಗಿನವರು, ದುಬೈದಾಗಿನವರು, ಯಾರ್ಯಾರೋ. ಎಲ್ಲಾರದೂ ಒಂದ ಮಾತು: ‘ಬಂದೆ ಬೇ ಯವ್ವಾ.’”

ಅಷ್ಟರಲ್ಲಿ ಮಡಗಾಂವ ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು. ದೇವು ಹತ್ತಬೇಕಾಗಿದ್ದುದೂ ಅದೇ ಬಸ್ಸು. ಅದು ಅವನಿಗೆ ನೆನಪಾಗುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.