ಅಭ್ಯಾಸದ ಮಗು

ಸನ್ಮಾನ್ಯ ಅಧ್ಯಕ್ಷರೇ, ದಾರಿಯಲ್ಲಿ ಟೈರು ಪಂಕ್ಚರಾದ ಕಥೆಯನ್ನು ಅರ್ಧ ಗಂಟೆ ಹೇಳಿ ನಮ್ಮನ್ನು ಧನ್ಯರನ್ನಾಗಿಸಿದ ಮುಖ್ಯ ಅತಿಥಿಗಳೇ, ಸಹೋದ್ಯೋಗಿಗಳೇ, ಸ್ನಾತಕೋತ್ತರ ಪದವಿ ಪಡೆದು ಶಾಲೆಗಳಿಗೆ ಆಪ್ತಸಲಹೆಗಾರರಾಗಿ ಹೊರಟಿರುವ ವಿದ್ಯಾರ್ಥಿಗಳೇ, ಮತ್ತು ನನ್ನ ಕೈಯಲ್ಲಿ ಎಷ್ಟು ಹಾಳೆಗಳಿವೆ ಎಂದು ಕತ್ತು ಉದ್ದ ಮಾಡಿ ನೋಡುತ್ತಿರುವ ಸಭಿಕರೇ,

ಗಾಬರಿ ಬೇಡ. ಅಕ್ಷರ ದೊಡ್ಡದು, ಭಾಷಣ ಸಣ್ಣದು.

ಆಪ್ತಸಲಹೆ ಎಂದರೇನು? ಈ ವಿಭಾಗದ ಮುಖ್ಯಸ್ಥನಾದ ಮೇಲೆ ಎಲ್ಲರೂ ಇದನ್ನು ಕೇಳಿದ್ದಾರೆ, ಹಾಲಿನವನೂ ಕೇಳಿದ್ದಾನೆ. ಆಪ್ತಸಲಹೆ ಎಂದರೆ ಮಗುವಿನ ಮಾತನ್ನು ಕೇಳಿಸಿಕೊಳ್ಳುವುದು. ಕೇಳಿಸಿಕೊಂಡೆವು ಎಂದು ತೋರಿಸುವುದು ಅದಕ್ಕಿಂತ ಮುಖ್ಯ, ಏಕೆಂದರೆ ಅಂಕ ಇರುವುದು ಅದಕ್ಕೆ. ಮಗು ಹೊಟ್ಟೆನೋವು ಎಂದರೆ ನೀವು ಕೊಂಚ ಮುಂದೆ ಬಾಗಿ, "ಅಂದ್ರೆ ನಿಂಗೆ ಹೊಟ್ಟೆ ನೋಯ್ತಿದೆ ಅಂತ ಅನ್ನಿಸ್ತಿದೆ" ಎನ್ನಬೇಕು. ಇದನ್ನು ನನ್ನ ಅಕ್ಕನಿಗೆ ವಿವರಿಸಿದಾಗ, "ಅಷ್ಟನ್ನ ಗಿಣಿನೂ ಮಾಡುತ್ತಲ್ಲೋ" ಎಂದಳು. ಮಾಡುತ್ತದೆ. ಆದರೆ ಗಿಣಿ ಎರಡು ವರ್ಷ ಶುಲ್ಕ ಕಟ್ಟಿದೆಯೇ? ಪ್ರಬಂಧ ಬರೆದಿದೆಯೇ? ನಮ್ಮ ಅಕ್ಕನಿಗೆ ವಿದ್ಯೆಯ ಬೆಲೆ ಗೊತ್ತಿಲ್ಲ.

ಇನ್ನು ನಮ್ಮ ಪ್ರಾಯೋಗಿಕ ಪರೀಕ್ಷೆಯ ಕೊಠಡಿ. ಎರಡು ಕುರ್ಚಿ, ಒಂದು ಗಡಿಯಾರ, ಒಂದು ಮೈಕು, ಕಣ್ಣೊರೆಸುವ ಕಾಗದದ ಡಬ್ಬಿ, ಒಂದು ಗೋಡೆಯ ತುಂಬ ಗಾಜು. ಒಳಗಿದ್ದವರಿಗೆ ಅದು ಕನ್ನಡಿ, ಆಚೆ ಕತ್ತಲಲ್ಲಿ ಕೂತ ನನಗೆ ಕಿಟಕಿ. ಎಲ್ಲ ಇತ್ತು, ಮಗುವೊಂದು ಇರಲಿಲ್ಲ. ಕ್ಷೌರ ಕಲಿಯುವವನಿಗೆ ಯಾರು ತಲೆ ಕೊಡುತ್ತಾರೆ? ಕೊನೆಗೆ ನಾನು ನನ್ನ ಮಗಳನ್ನೇ ಕರೆತಂದೆ. ನನ್ನ ಪತ್ನಿ ತೀರಿಕೊಂಡ ವರ್ಷ ಅದು. ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ಎಲ್ಲಿ ಕೂರಿಸುವುದು ಎಂಬ ಚಿಂತೆಯೂ ಇತ್ತು. ಸ್ವಾಮಿಕಾರ್ಯ, ಸ್ವಕಾರ್ಯ ಎರಡೂ ಆಯಿತು. ವಿದ್ಯಾರ್ಥಿಗಳು ಅವಳಿಗೆ "ಅಭ್ಯಾಸದ ಮಗು" ಎಂದು ಹೆಸರಿಟ್ಟರು.

ಪಾತ್ರವನ್ನು ನಾನೇ ಬರೆದುಕೊಟ್ಟಿದ್ದೆ. ಲೆಕ್ಕದ ಪರೀಕ್ಷೆಗೆ ಹೆದರುವ ಹುಡುಗಿ, ಗದರಿಸುವ ತಾಯಿ. ಮೊದಲ ವರ್ಷ ಗಿಳಿಪಾಠ ಒಪ್ಪಿಸಿದಳು. ಎರಡನೆಯ ವರ್ಷ ಅದನ್ನು ಪಕ್ಕಕ್ಕಿಟ್ಟು ತನ್ನದೇ ಶುರುಮಾಡಿದಳು. "ಅಮ್ಮ ಇಲ್ಲ. ಅಪ್ಪ ಊಟಕ್ಕೆ ಕೂತಾಗ್ಲೂ ಪೇಪರ್ ತಿದ್ತಾರೆ. ನಾನು ಅಡುಗೆಮನೇಲಿ ರೇಡಿಯೋ ಹಾಕಿಟ್ಟಿರ್ತೀನಿ, ಯಾರೋ ಇದ್ದಾರೆ ಅನ್ನಿಸುತ್ತೆ." ಗಾಜಿನ ಹಿಂದೆ ನಾನು ಬೆರಗಾದೆ. ಎಂಥ ಅಭಿನಯ, ಎಂಥ ಅಭಿನಯ. ಕಲಾವಿದರು ಸಾಮಗ್ರಿಯನ್ನು ಮನೆಯಿಂದಲೇ ತರುತ್ತಾರೆ ಎಂದುಕೊಂಡೆ. ಅಳು ಕೂಡ ಸರಿಯಾದ ಹೊತ್ತಿಗೇ ಬರುತ್ತಿತ್ತು. ನಮ್ಮ ವಿದ್ಯಾರ್ಥಿಗಳು ಬಾಗಿದರು, ತಲೆಯಾಡಿಸಿದರು, ಡಬ್ಬಿಯನ್ನು ಅವಳತ್ತ ಸರಿಸಿದರು, ಗಂಟೆಯಾದೊಡನೆ "ಥ್ಯಾಂಕ್ಯೂ ಪುಟ್ಟ" ಎಂದು ಎದ್ದು ಹೋದರು. ಎಲ್ಲರೂ ಪ್ರಥಮ ದರ್ಜೆ. ಇವತ್ತು ಎಷ್ಟೋ ಶಾಲೆಗಳಲ್ಲಿ ಕೂತಿರುವ ಆಪ್ತಸಲಹೆಗಾರರು ನನ್ನ ಮಗಳ ಕಣ್ಣೀರಿನಲ್ಲಿ ಪಾಸಾದವರು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಈ ವರ್ಷ ಒಬ್ಬರು ಮಾತ್ರ ಫೇಲು. ಕೊನೆಯ ಸಾಲಿನಲ್ಲಿ ಕೂತಿದ್ದಾರೆ. ಅವರ ನಡಿಗೆಯ ರಭಸ ನೋಡಿ ನೀವೆಲ್ಲ "ಉಗಿಬಂಡಿ" ಎನ್ನುತ್ತೀರಲ್ಲ, ಅವರೇ. ಮಗು ಇನ್ನೂ ರೇಡಿಯೋ ವಿಷಯ ಹೇಳುತ್ತಿತ್ತು, ಈ ಮಹಾತಾಯಿ ಕುರ್ಚಿಯಿಂದ ಎದ್ದು ಬಂದು ಗಾಜು ತಟ್ಟಿದರು. "ಸರ್, ಇದು ನಾಟಕ ಅಲ್ಲ. ಒಳಗೆ ಬನ್ನಿ."

ನಾನು ಹೇಗೆ ಹೋಗಲಿ? ಪರೀಕ್ಷಕ ಒಳಗೆ ಕಾಲಿಡಕೂಡದು ಎಂಬ ನಿಯಮ ಬರೆದವನೇ ನಾನು. ಇನ್ನೊಮ್ಮೆ ತಟ್ಟಿದರು. ಆಗ ಮಗಳೂ ಇತ್ತ ತಿರುಗಿದಳು. ಅವಳಿಗೆ ಕಂಡದ್ದು ಅವಳದೇ ಮುಖ ಎಂದು ನನಗೆ ಗೊತ್ತು. ಆದರೂ ಅವಳು ನನ್ನನ್ನೇ ನೋಡುತ್ತಿದ್ದಳು ಅನ್ನಿಸಿತು. ನಾನು ಅಂಕಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. "ಪಾತ್ರಕ್ಕೂ ವಾಸ್ತವಕ್ಕೂ ವ್ಯತ್ಯಾಸ ತಿಳಿಯದವರು" ಎಂದು ಬರೆದು ಸೊನ್ನೆ ಸುತ್ತಿದೆ. ಆಮೇಲೆ ಅವರಿಬ್ಬರೂ ನೆಲದ ಮೇಲೆ ಕೂತು ಏನೇನು ಮಾತಾಡಿದರೋ, ನಾನು ಮೈಕು ಆರಿಸಿದ್ದೆ.

ಮೊನ್ನೆ ಊಟದ ಹೊತ್ತಿನಲ್ಲಿ ಮಗಳು, "ಅಪ್ಪ, ಮುಂದಿನ ವರ್ಷದಿಂದ ನಾನು ಬರಲ್ಲ. ನಂಗೀಗ ಹೇಳ್ಕೊಳ್ಳೋಕೆ ಒಬ್ರು ಸಿಕ್ಕಿದಾರೆ" ಎಂದಳು. ಯಾರು ಎಂದು ನಾನು ಕೇಳಲಿಲ್ಲ. ನಮ್ಮ ವೃತ್ತಿಯಲ್ಲಿ ಗೋಪ್ಯತೆ ದೊಡ್ಡದು. ಏನು ಹೇಳಿಕೊಳ್ಳುತ್ತೀಯ ಎಂದೂ ಕೇಳಲಿಲ್ಲ. ಅವಳು ತಟ್ಟೆ ತೊಳೆದಿಟ್ಟು ಒಳಗೆ ಹೋದಳು. ನನಗೆ ದುಃಖವಾಯಿತು, ಮುಚ್ಚಿಡುವುದೇಕೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅಂಥ ಪ್ರತಿಭೆಯನ್ನು ವಿಭಾಗ ಇನ್ನೆಲ್ಲಿ ಹುಡುಕಬೇಕು?

ಆದ್ದರಿಂದ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಮುಂದಿನ ವರ್ಷಕ್ಕೆ ಹೊಸ ಮಗು ಬೇಕು. ನಿಮ್ಮ ಮನೆಗಳಲ್ಲಿ ಮಕ್ಕಳಿದ್ದರೆ ದಯವಿಟ್ಟು ಕಚೇರಿಗೆ ತಿಳಿಸಿ. ಅಭಿನಯ ಬರಬೇಕೆಂದೇನೂ ಇಲ್ಲ. ನಮ್ಮಂಥವರ ಮನೆಯಲ್ಲಿ ಬೆಳೆದಿದ್ದರೆ ಸಾಕು.

ಇಷ್ಟು ಹೊತ್ತು ಕೇಳಿಸಿಕೊಂಡ, ಅಥವಾ ಕೇಳಿಸಿಕೊಂಡಂತೆ ಚೆನ್ನಾಗಿ ತೋರಿಸಿದ ತಮ್ಮೆಲ್ಲರಿಗೂ ಕೃತಜ್ಞತೆಗಳು. ನಮಸ್ಕಾರ.