ಅರ್ಧ ಪೆಟ್ರೋಲು ನನ್ನದು

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರಾದ ಬ್ರೋನ್ವಿನ್ ಅವರೇ, ಈ ಸೆಖೆಯಲ್ಲೂ ಕೋಟು ಬಿಚ್ಚದೆ ಕುಳಿತಿರುವ ಮುಖ್ಯ ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ಡೆಸ್ಮಂಡ್ ಕಲೆಸ್ಕಿ ಅವರೇ, ಲ್ಯಾಮಿಂಗ್ಟನ್ ಕೇಕಿನ ತಟ್ಟೆಯ ಮೇಲೆ ಆಗಲೇ ಕಣ್ಣು ನೆಟ್ಟಿರುವ ಸಭಿಕರೇ,

ಡೆಸ್ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಿ ಎಂದು ನನ್ನನ್ನು ಕರೆದಿದ್ದೀರಿ. ನನಗಿಂತ ಮೊದಲು ಮಾತಾಡಿದವರೆಲ್ಲರೂ ಅವರ ದೊಡ್ಡ ಮನಸ್ಸನ್ನು ಹೊಗಳಿದರು. ಎಲ್ಲರೂ ಕೊಟ್ಟ ಉದಾಹರಣೆ ಒಂದೇ. "ಪಾಪ, ನಮ್ಮ ಲೈಬ್ರರಿ ಲೋರ್ನಾನ ಇಷ್ಟು ವರ್ಷ ಬಿಟ್ಟಿಯಾಗಿ ಕಾರಲ್ಲಿ ಕರ್ಕೊಂಡು ಬಂದ್ರು." ಸಭಿಕರೇ, ಆ ಪಾಪದ ಲೋರ್ನಾ ನಾನೇ. ಕುರ್ಚಿಯ ಮೇಲೆ ಕುಳಿತು ಚಪ್ಪಾಳೆಯನ್ನೂ ತಟ್ಟಿದೆ. ಇನ್ನು ನನ್ನಿಂದಾಗುವುದಿಲ್ಲ.

ನಾವಿಬ್ಬರೂ ಇರುವುದು ಕ್ವಾರ್ನ್‌ನಲ್ಲಿ, ಶಾಲೆ ಇರುವುದು ಇಲ್ಲಿ ಪೋರ್ಟ್ ಅಗಸ್ಟಾದಲ್ಲಿ. ನಡುವೆ ಬೆಟ್ಟದ ಕಣಿವೆ ಇದೆ, ಕಾಂಗರೂಗಳಿವೆ. ಡೆಸ್ ಮರಗೆಲಸ ಕಲಿಸಲು ಬರುತ್ತಿದ್ದರು, ನಾನು ಪುಸ್ತಕ ಜೋಡಿಸಲು ಬರುತ್ತಿದ್ದೆ. ಮೊದಲ ದಿನದಿಂದಲೂ ನಮ್ಮ ಒಪ್ಪಂದ ಸ್ಪಷ್ಟವಾಗಿತ್ತು. ಒಂದು ವಾರ ಅವರ ಕಾರು, ಒಂದು ವಾರ ನನ್ನದು. ಯಾರ ಕಾರೋ ಅವರ ಪೆಟ್ರೋಲು. ಓಡಿಸುವವರು ರಸ್ತೆಯ ಬಲಗಡೆ ನೋಡಬೇಕು, ಪಕ್ಕದಲ್ಲಿ ಕೂತವರು ಎಡಗಡೆ ನೋಡಬೇಕು, ಕಾಂಗರೂ ಕಂಡರೆ ಕೂಗಬೇಕು. ಶುಕ್ರವಾರ ಬೇಕರಿಯಲ್ಲಿ ಮಾಂಸದ ಪೈ, ಅದೂ ಸರದಿಯ ಮೇಲೆ. ಆಗ ನಾವು ಎಷ್ಟು ಜಗಳ ಆಡುತ್ತಿದ್ದೆವು ಗೊತ್ತೇ? ಕಿಟಕಿ ಇಳಿಸುವುದಕ್ಕೆ ಜಗಳ, ರೇಡಿಯೋದ ಕ್ರಿಕೆಟ್ಟಿಗೆ ಜಗಳ, ಅವರ ಆಮೆ ವೇಗಕ್ಕೆ ಜಗಳ. ಎಂಥಾ ಒಳ್ಳೆಯ ಜಗಳಗಳು!

ಆಮೇಲೆ ನನ್ನ ಗಂಡ ನೆವಿಲ್ ತೀರಿಕೊಂಡರು. ಅವರ ಕಾಯಿಲೆ ಮುಗಿಯುವಷ್ಟರಲ್ಲಿ ನನ್ನ ಕಾರೂ ಮಾರಿಹೋಗಿತ್ತು. ಸರಿ, ಕಾರಿಲ್ಲದವಳು ಅರ್ಧ ಪೆಟ್ರೋಲು ಕೊಡಬೇಕು, ಟೈರು ಸವೆಯುವುದಕ್ಕೂ ಒಂದಿಷ್ಟು ಸೇರಿಸಬೇಕು, ಅದೇ ನ್ಯಾಯ ಎಂದುಕೊಂಡೆ. ಮತ್ತೆ ಕೆಲಸಕ್ಕೆ ಹೊರಟ ದಿನ ನೋಟುಗಳನ್ನು ಕಾರಿನ ಆಶ್‌ಟ್ರೇಯಲ್ಲಿಟ್ಟೆ. ಡೆಸ್ ಅವನ್ನು ತೆಗೆದು ನನ್ನ ಚೀಲಕ್ಕೆ ತುರುಕಿದರು.

"ಬಿಡಮ್ಮ ಲೋರ್ನಾ, ನಾನು ಹೇಗೂ ಹೋಗ್ತಾ ಇದ್ದೀನಲ್ಲ."

"ಹೇಗೂ ಹೋಗೋ ಕಾರಿಗೆ ಪೆಟ್ರೋಲ್ ಬೇಡ್ವಾ, ಡೆಸ್?"

"ನಿನ್ನ ಪರಿಸ್ಥಿತಿ ನಂಗೆ ಗೊತ್ತಿಲ್ವಾ? ಸುಮ್ನೆ ಕೂತ್ಕೋ."

ಸುಮ್ಮನೆ ಕೂತೆ. ಅಂದಿನಿಂದ ನಿನ್ನೆಯವರೆಗೆ ಸುಮ್ಮನೆ ಕೂತೆ! ಶುಕ್ರವಾರ ಪೈಗೆ ದುಡ್ಡು ಕೊಡಲು ಹೋದರೆ ಬೇಕರಿಯವಳು, "ಡೆಸ್ ಆಗ್ಲೇ ಕೊಟ್ಟಾಯ್ತು, ಬಂಗಾರಿ" ಎನ್ನುತ್ತಿದ್ದಳು. ಅವಳಿಗೂ ಹೇಳಿಕೊಟ್ಟಿದ್ದರು.

ಸಭಿಕರೇ, ನಾವು ಎಂಥ ಜನ? ಪಬ್ಬಿನಲ್ಲಿ ಒಬ್ಬ ಎಲ್ಲರಿಗೂ ಬಿಯರ್ ಕೊಡಿಸಿದರೆ ಮುಂದಿನ ಸುತ್ತು ಇನ್ನೊಬ್ಬನದು. ತನ್ನ ಸರದಿ ಬಂದಾಗ ಮೆಲ್ಲಗೆ ಜಾಗ ಖಾಲಿ ಮಾಡಿದವನನ್ನು ನಾವು ಸಾಯುವವರೆಗೂ ಆಡಿಕೊಳ್ಳುತ್ತೇವೆ. ಸರದಿ ತಪ್ಪಿಸಿದವನು ಜುಗ್ಗ. ಹಾಗಾದರೆ ಇನ್ನೊಬ್ಬರ ಸರದಿಯನ್ನೇ ಕಿತ್ತುಕೊಂಡವನನ್ನು ಏನೆಂದು ಕರೆಯಬೇಕು? ಮಹಾದಾನಿ ಎಂದು ಕರೆದು ಗಡಿಯಾರ ಕೊಟ್ಟು ಕಳಿಸಬೇಕೇ? ಗಂಡ ಇರುವಾಗ ನಾನು ಸಹೋದ್ಯೋಗಿ. ಗಂಡ ಹೋದ ಮರುವಾರ ನಾನು ಧರ್ಮಕಾರ್ಯ! ಇದು ಯಾವ ನ್ಯಾಯ?

ಬಿಟ್ಟಿ ಸೀಟು ಎಷ್ಟು ದುಬಾರಿ ಎಂದು ಅದರಲ್ಲಿ ಕೂತವರಿಗೇ ಗೊತ್ತು. ಕಿಟಕಿ ಇಳಿಸಿ ಎನ್ನುವಂತಿಲ್ಲ. ತಡವಾದರೆ ಬಯ್ಯುವಂತಿಲ್ಲ. ಐದು ದಿನದ ಟೆಸ್ಟ್ ಪಂದ್ಯವನ್ನು ಚೆಂಡು ಚೆಂಡಿಗೂ ಕೇಳಬೇಕು, "ಹೌದಾ ಡೆಸ್?" ಎಂದು ಆಶ್ಚರ್ಯವನ್ನೂ ಪಡಬೇಕು. ನಮ್ಮೂರು ದಾಟುವಾಗ ಸ್ಮಶಾನ ಬರುವುದು ಎಡಗಡೆ. ಎಡಗಡೆ ನೋಡುವುದು ನನ್ನ ಕೆಲಸ. ದಿನಾ ಬೆಳಿಗ್ಗೆ ಬೇಲಿಯಾಚೆ ನೆವಿಲ್ ಅವರ ಕಲ್ಲು ಕಾಣುತ್ತಿತ್ತು, ದಾಟಿಹೋಗುತ್ತಿತ್ತು. ಒಂದು ನಿಮಿಷ ನಿಲ್ಲಿಸಿ ಡೆಸ್, ಎಂದು ಹೇಳಬೇಕು ಅನ್ನಿಸುತ್ತಿತ್ತು. ಒಂದು ದಿನವೂ ಹೇಳಲಿಲ್ಲ. ಹೇಗೆ ಹೇಳಲಿ? ಪೆಟ್ರೋಲು ನನ್ನದಲ್ಲವಲ್ಲ.

ಕ್ಷಮಿಸಿ, ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಸ್ವಲ್ಪ ನೀರು ಕೊಡಿ.

ತಲೆ ತಗ್ಗಿಸಬೇಡಿ ಡೆಸ್, ಇನ್ನೂ ಮುಗಿದಿಲ್ಲ. ಡೆಸ್ ಅವರ ಕಣ್ಣು ಮಂಜಾಗುತ್ತಿದೆ, ನಾಳೆಯಿಂದ ಕಾರು ಮುಟ್ಟಕೂಡದು ಎಂದು ವೈದ್ಯರು ಹೇಳಿದ್ದಾರೆ. ತಿಂಗಳಿಗೊಮ್ಮೆ ಕಣ್ಣಿಗೆ ಇಂಜೆಕ್ಷನ್ ಚುಚ್ಚಿಸಿಕೊಳ್ಳಲು ಅವರು ಕ್ವಾರ್ನ್‌ನಿಂದ ಇಲ್ಲಿಗೆ ಬರಲೇಬೇಕು. ನಾನೊಂದು ಹಳೆಯ ಕಾರು ಕೊಂಡಿದ್ದೇನೆ. ನಿನ್ನೆ ಸಂಜೆ ಮನೆಯ ಮುಂದೆ ಇಳಿಯುವಾಗ, ಗುರುವಾರದ ಇಂಜೆಕ್ಷನ್ನಿಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಈ ಮಹಾನುಭಾವರು ಏನೆಂದರು?

"ನಂಗೋಸ್ಕರ ನಿಂಗ್ಯಾಕಮ್ಮ ತೊಂದ್ರೆ? ಯಾರ ಹಂಗೂ ಬೇಡ. ಹೇಗೋ ಹೋಗ್ತೀನಿ ಬಿಡು."

ಕೇಳಿದಿರಾ? ಒಂದೇ ಒಂದು ದಿನ ಪಕ್ಕದ ಸೀಟಿನಲ್ಲಿ ಕೂರಬೇಕು ಎಂದ ಕೂಡಲೇ ಹಂಗು ಎಂದರೇನೆಂದು ಅವರಿಗೆ ಗೊತ್ತಾಗಿಬಿಟ್ಟಿತು! ನನಗೆ ರಾತ್ರಿಯೆಲ್ಲ ಸಿಟ್ಟು ಇಳಿಯಲಿಲ್ಲ.

ಆದ್ದರಿಂದ ಇಷ್ಟು ಜನರ ಎದುರಿನಲ್ಲಿ ಹೇಳುತ್ತೇನೆ, ಇಲ್ಲಿ ಇಲ್ಲ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ಗುರುವಾರ ನನಗೆ ರಜೆ. ನಾನು ಹೇಗೂ ಹೋಗುತ್ತಿಲ್ಲ, ಡೆಸ್. ನಿಮಗಾಗಿಯೇ ಹೋಗುತ್ತಿದ್ದೇನೆ. ಅದಕ್ಕೇ ಅರ್ಧ ಪೆಟ್ರೋಲು ನಿಮ್ಮದು. ಕಾರು ಹತ್ತುವ ಮೊದಲೇ ಆಶ್‌ಟ್ರೇಯಲ್ಲಿ ಇಡಬೇಕು, ನಾನು ಮುಲಾಜಿಲ್ಲದೆ ತೆಗೆದುಕೊಳ್ಳುತ್ತೇನೆ. ಪೈ ಸರದಿಯ ಮೇಲೆ, ಮೊದಲ ಸರದಿ ನನ್ನದು. ಕಂಡಷ್ಟು ಕಾಣಲಿ, ಎಡಗಡೆ ನೋಡುವ ಕೆಲಸವೂ ನಿಮ್ಮದು. ಕ್ರಿಕೆಟ್ ಬೇಕಿದ್ದರೆ ಹಾಕಿ, ಜಗಳಕ್ಕೆ ನಾನು ಸಿದ್ಧ. ಅರ್ಧ ಕೊಟ್ಟವರಿಗೆ ಎಲ್ಲಿ ಬೇಕಾದರೂ ಕಾರು ನಿಲ್ಲಿಸಿ ಎನ್ನುವ ಹಕ್ಕಿದೆ.

ಮೊದಲು ನಾನು ನಿಲ್ಲಿಸುತ್ತೇನೆ, ಸ್ಮಶಾನದ ಗೇಟಿನ ಹತ್ತಿರ. ನೀವು ಕಾರಿನಲ್ಲೇ ಕೂತಿರಬಹುದು. ಇಳಿದು ಬಂದರೂ ಬರಬಹುದು. ನೆವಿಲ್‌ಗೂ ನೀವು ಒಂದು ಸುತ್ತು ಬಿಯರ್ ಕೊಡಿಸುವುದು ಬಾಕಿ ಇದೆ.

ನನ್ನ ಸಿಟ್ಟನ್ನು ಸಹಿಸಿದ ಅಧ್ಯಕ್ಷರಿಗೆ, ಕೇಕು ಬಿಟ್ಟು ನನ್ನತ್ತ ನೋಡಿದ ನಿಮಗೆಲ್ಲರಿಗೆ, ಇಷ್ಟು ವರ್ಷ ನನ್ನನ್ನು ಒಂದು ಗೀರೂ ಇಲ್ಲದೆ ಮನೆ ಮುಟ್ಟಿಸಿದ ಡೆಸ್ ಅವರಿಗೆ ವಂದನೆಗಳು. ಗುರುವಾರ ಏಳೂವರೆಗೆ ನಿಮ್ಮ ಮನೆಯ ಗೇಟಿನ ಹತ್ತಿರ ನಿಂತಿರಿ, ಚಿಲ್ಲರೆ ತನ್ನಿ.

ನಮಸ್ಕಾರ.