ಬಣ್ಣ ತೆಗೆದ ನೀರನ್ನು ಕೋಮಲಳಿಗೆ ಕುಡಿಸಿದ ಬಗ್ಗೆ

ನನ್ನ ಹೆಸರು ಪುಟ್ಟಬಸಮ್ಮ ಕೋಂ ಗುರುಪಾದಸ್ವಾಮಿ, 51 ವರ್ಷ, ರೇಷ್ಮೆ ನೂಲಿಗೆ ಬಣ್ಣ ಹಾಕುವ ಕೆಲಸ, ವಾಸ ಹಳೇ ಬಾವಿ ಬೀದಿ, ಕೊಳ್ಳೇಗಾಲ ಟೌನ್. ಆಸ್ಪತ್ರೆಯ ವರಾಂಡದಲ್ಲಿ ವಿಚಾರಿಸಲಾಗಿ ಈ ಮೂಲಕ ತಿಳಿಸುವುದೇನೆಂದರೆ,

ಆ ನೀರು ಕುಡಿಯಬಹುದೆಂದು ಮೊದಲು ಹೇಳಿದವರು ನನ್ನ ಯಜಮಾನರು, ನಿನ್ನೆ ಮಂಗಳವಾರ ಬೆಳಿಗ್ಗೆ 9.20ಕ್ಕೆ. ಕಾಲೇಜಿನ ಮಧುಶ್ರೀ ಹೇಳಿದರೆಂದು ಬೀದಿಯವರು ಅನ್ನುತ್ತಿರುವುದು ಸುಳ್ಳು.

ಮಧುಶ್ರೀ ಹದಿನೈದು ದಿನದ ಹಿಂದೆ ಬಣ್ಣದ ನೀರು ಸೋಸಿ ನೋಡಲೆಂದು ನಮ್ಮ ಶೆಡ್ಡಿನಲ್ಲಿ ಡ್ರಮ್ಮೊಂದನ್ನು ಇಟ್ಟು ಕಪ್ಪು ಕಾಳು ತುಂಬಿದ್ದರು. ಇದ್ದಿಲು, ಜೇಡಿಮಣ್ಣು ಸೇರಿಸಿ ಮಾಡಿದ ನ್ಯಾನೊ ಕಾಳು, ಒಂದೊಂದರಲ್ಲೂ ಕಣ್ಣಿಗೆ ಕಾಣದ ಲಕ್ಷಾಂತರ ತೂತುಗಳಿವೆ, ಬಣ್ಣ ಅವುಗಳೊಳಗೆ ಅಂಟಿಕೊಳ್ಳುತ್ತದೆ ಎಂದರು. ಮೇಲೆ ಕುಂಕುಮದಂಥ ನೀರು ಸುರಿದರೆ ಕೆಳಗೆ ತಿಳಿನೀರು ಬರುತ್ತಿತ್ತು. ಆ ನೀರನ್ನು ಪರೀಕ್ಷೆಗೆ ಕಳಿಸಿದ್ದೇನೆ, ವರದಿ ಬರುವವರೆಗೆ ಯಾರೂ ಕುಡಿಯಬೇಡಿ ಎಂದೂ ಹೇಳಿದ್ದರು.

ನಮ್ಮ ಕಸುಬಿನಲ್ಲಿ ಬಣ್ಣದ ಹಂಡೆಯ ನೀರನ್ನು ಒಂದು ಹನಿ ನಾಲಿಗೆಗೆ ಮುಟ್ಟಿಸಿ ನೋಡುತ್ತಾರೆ. ಆಸಿಡ್ ಎಷ್ಟಿದೆ, ನೂಲಿನ ಅಂಟು ತೆಗೆಯಲು ಹಾಕಿದ ಸೋಪು ಪೂರಾ ಹೋಗಿದೆಯೇ ಎಂಬುದು ಗೊತ್ತಾಗುತ್ತದೆ. ಯಜಮಾನರು 32 ವರ್ಷದಿಂದ ಹಾಗೆ ನೋಡಿದವರು, ತಪ್ಪಿದ್ದಿಲ್ಲ. ನಿನ್ನೆಗೆ ಬೀದಿಯ ನಲ್ಲಿಯಲ್ಲಿ ನೀರು ನಿಂತು ನಾಲ್ಕು ದಿನ. ಅವರು ಡ್ರಮ್ಮಿನ ನೀರನ್ನು ನಾಲಿಗೆಗೆ ಹಚ್ಚಿ, "ಉಳೀನೂ ಇಲ್ಲ, ಒಗರೂ ಇಲ್ಲ, ಬಾವಿ ನೀರ್ಗಿಂತ ಚೆಂದಾಗದೆ ಕಣಮ್ಮಿ" ಎಂದರು. ನಾನು ಒಂದು ಬಿಂದಿಗೆ ಹಿಡಿದೆ.

9.40ಕ್ಕೆ ಅದನ್ನು 12 ಅಡಿ ದೂರದ ದೇವರಾಜು ಮನೆಗೆ ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ. ಅವನ ಹೆಂಡತಿ ಕೋಮಲಳಿಗೆ ಏಳು ತಿಂಗಳು. "ಬಣ್ಣದ್ಮನೆ ನೀರಾ? ನನ್ ಕೂಸು ಕೆಂಪಗೆ ಉಟ್ಟಾತು ಕಣಕ್ಕ" ಎಂದು ನಕ್ಕು ಎರಡು ಲೋಟ ಕುಡಿದಳು.

11.30ಕ್ಕೆ ವಾಂತಿ ಶುರುವಾಯಿತು. 11.50ಕ್ಕೆ, ಮಗು ಮಿಸುಕುತ್ತಿಲ್ಲ ಎಂದು ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ನನ್ನ ಕೈಗೂ ಮಿಸುಕಾಟ ಸಿಗಲಿಲ್ಲ. ಮಧುಶ್ರೀಗೆ ಫೋನ್ ಮಾಡಿದೆ. ಕಾಳು ಹಿಡಿಯುವುದು ಬಣ್ಣವನ್ನು ಮಾತ್ರ, ಬಣ್ಣ ಕಚ್ಚಲೆಂದು ಹಾಕುವ ಔಷಧ ನೀರಲ್ಲೇ ಉಳಿದಿರಬಹುದು, ಅದು ನಾಲಿಗೆಗೆ ಸಿಗುವುದಿಲ್ಲ, ಈಗಲೇ ಆಸ್ಪತ್ರೆಗೆ ಹೋಗಿ ಎಂದು ಕೂಗಿದರು. ಆಟೋದಲ್ಲಿ 1.8 ಕಿ.ಮೀ., ಹನ್ನೊಂದು ನಿಮಿಷ.

ಮಗುವಿನ ಎದೆಬಡಿತ ಮೂರನೇ ಸಲಕ್ಕೆ ಕೇಳಿಸಿತು. ಡ್ರಿಪ್ ಸಾಲದು, ಬಾಯಿಂದಲೂ ನೀರು ಹೋಗುತ್ತಿರಬೇಕು, ಇಲ್ಲವಾದರೆ ಇಬ್ಬರಿಗೂ ಅಪಾಯ ಎಂದು ಡಾಕ್ಟರು ಹೇಳಿದರು. ಕೋಮಲ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಗಂಡನ ಕೈಯಿಂದಲೂ ಕುಡಿಯಲಿಲ್ಲ. ಅಂಗಡಿಯ ಸೀಲ್ ಬಾಟಲಿಯನ್ನೂ ತಳ್ಳಿದಳು.

ಸಂಜೆ 7ಕ್ಕೆ ನಮ್ಮ ಜಗಲಿಯಲ್ಲಿ ಸೇರಿದ ಹೆಂಗಸರಿಗೆ ಇದಿಷ್ಟನ್ನೂ ಹೇಳಿದೆ. ಎದುರು ಮನೆ ರಂಗಮ್ಮ, "ಗಂಡುನ್ನ ಜೈಲ್ಗೆ ಕಳುಸ್ಬುಟ್ಟಿಯೇ? ಆ ಕಾಲೇಜ್ ಉಡುಗಿ ಮಾಡ್ದ್ಲು ಅನ್ನು, ಮುಗೀತು" ಎಂದರು. ಕೋಮಲ ನೀರು ಕುಡಿಯುತ್ತಿಲ್ಲ ಎಂದಾಗ ಮಾತ್ರ ರಂಗಮ್ಮ ಆ ಮಾತು ಬಿಟ್ಟು, ಯಾರ್ಯಾರ ಮನೆಯಲ್ಲಿ ಒಳ್ಳೆ ನೀರಿದೆ ಎಂದು ಕೇಳತೊಡಗಿದರು.

ಇಂದು ಬೆಳಿಗ್ಗೆ 6.15ಕ್ಕೆ ರಂಗಮ್ಮ ಸೇರಿ ಒಂಬತ್ತು ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಕುಡಿಯಲು ಕೂಡಿಟ್ಟಿದ್ದ ನೀರನ್ನು ತಂಬಿಗೆಯಲ್ಲಿ ಆಸ್ಪತ್ರೆಗೆ ತಂದರು. ಹಾಸಿಗೆಯ ಮುಂದೆ ಒಬ್ಬೊಬ್ಬರೇ ನಿಂತು, ಒಂದು ಗುಟುಕು ಕುಡಿದು, ಬಾಯಿ ತೆರೆದು ತೋರಿಸಿದರು. ಹತ್ತನೆಯವಳಾಗಿ ನಾನೂ ಕುಡಿದೆ. 6.40ಕ್ಕೆ ಕೋಮಲ ಕೈ ಚಾಚಿ ರಂಗಮ್ಮನ ತಂಬಿಗೆ ತೆಗೆದುಕೊಂಡು ಕುಡಿದಳು. ನನ್ನ ತಂಬಿಗೆಯನ್ನು ಮುಟ್ಟಲಿಲ್ಲ.

ಮೇಲೆ ಬರೆಸಿರುವುದು ನಾನು ಕಂಡದ್ದು ಮತ್ತು ನಾನು ಮಾಡಿದ್ದು. ಓದಿ ಹೇಳಿದ್ದನ್ನು ಕೇಳಿದ್ದೇನೆ, ನಿಜವಾಗಿದೆ.

ಸ್ಥಳ: ಕೊಳ್ಳೇಗಾಲ
ದಿನಾಂಕ: 12-03-2025
ಸಹಿ: ಪುಟ್ಟಬಸಮ್ಮ